ಲಗ್ನಪತ್ರಿಕೆ ಮೊದಲೋ, ರಜೆ ಚೀಟಿ ಮೊದಲೋ? ಸೇನೆಯಲ್ಲಿರುವ ಮಕ್ಕಳ ರಜೆಯ ಲೆಕ್ಕ

ಪ್ರಶ್ನೆ: ನಾವು ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ರೈತರು. ದೊಡ್ಡ ಮಗ ಸೇನೆಯಲ್ಲಿ ನಾಯ್ಕ್, ಈಗ ಕಾಶ್ಮೀರದ ಕಡೆ ಇದ್ದಾನೆ. ಚಿಕ್ಕವನು ಅಗ್ನಿವೀರನಾಗಿ ಸೇರಿ ಎರಡನೇ ವರ್ಷ. ಬೇಸಿಗೆಯಲ್ಲಿ ಮಗಳ ಮದುವೆ ಮಾಡಬೇಕು ಅಂತಿದ್ದೇವೆ. ಇಬ್ಬರಿಗೂ ಒಟ್ಟಿಗೆ ರಜೆ ಸಿಗುತ್ತದೆಯೇ? ವರ್ಷಕ್ಕೆ ಎಷ್ಟು ದಿನ? ಕಳೆದ ವರ್ಷ ನಾನು ಆಸ್ಪತ್ರೆಯಲ್ಲಿದ್ದಾಗ ದೊಡ್ಡವನು ಐದು ದಿನ ತಡವಾಗಿ ವಾಪಸ್ ಹೋದ. ಸಂಬಳವೂ ಹೋಯಿತು, ಶಿಕ್ಷೆಯೂ ಆಯಿತು. ಮತ್ತೆ ಹಾಗಾಗದಂತೆ ಏನು ಮಾಡಬೇಕು? ಜಮೀನಿನ ಕೇಸೊಂದಕ್ಕೂ ಅವನು ಬರಬೇಕಾಗಿದೆ. ನಾವೇ ಸಾಹೇಬರಿಗೆ ಪತ್ರ ಬರೆಯಬಹುದೇ, ಅಥವಾ ಶಾಸಕರಿಂದ ಹೇಳಿಸಬೇಕೇ?

ಉತ್ತರ: ಲಗ್ನಪತ್ರಿಕೆ ಇನ್ನೂ ಅಚ್ಚಿಗೆ ಕೊಟ್ಟಿಲ್ಲ ತಾನೇ? ಕೊಟ್ಟಿಲ್ಲದಿದ್ದರೆ ಅರ್ಧ ಕೆಲಸ ಸುಲಭ. ಇಬ್ಬರೂ ಒಟ್ಟಿಗೆ ಬರಬಾರದು ಎಂಬ ನಿಯಮ ಎಲ್ಲೂ ಇಲ್ಲ. ಇಬ್ಬರ ಯೂನಿಟ್ ಬೇರೆ, ರಜೆ ಮಂಜೂರು ಮಾಡುವ ಕಮಾಂಡಿಂಗ್ ಆಫೀಸರ್ ಬೇರೆ. ಒಬ್ಬನ ರಜೆಗೂ ಇನ್ನೊಬ್ಬನ ರಜೆಗೂ ಅಲ್ಲಿ ಸಂಬಂಧವೇ ಇರುವುದಿಲ್ಲ. ತೊಂದರೆ ಆಗುವುದು ನಾವು ಪುರೋಹಿತರ ಹತ್ತಿರ ದಿನ ಗೊತ್ತುಮಾಡಿ, ಛತ್ರಕ್ಕೆ ಮುಂಗಡ ಕೊಟ್ಟು, ಆಮೇಲೆ ಮಗನಿಗೆ ಫೋನ್ ಮಾಡಿ ‘ಇಂಥ ದಿನ ಬಾರಪ್ಪಾ’ ಅನ್ನುವುದರಿಂದ.

ಮೊದಲು ದೊಡ್ಡ ಮಗನ ಲೆಕ್ಕ ನೋಡೋಣ. ಸೇನೆಯಲ್ಲಿ ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನವರಿಗೆ ಒಂದು ಕ್ಯಾಲೆಂಡರ್ ವರ್ಷದಲ್ಲಿ, ಅಂದರೆ ಜನವರಿಯಿಂದ ಡಿಸೆಂಬರ್ ಒಳಗೆ, 60 ದಿನ ವಾರ್ಷಿಕ ರಜೆ ಮತ್ತು 30 ದಿನ ಸಾಂದರ್ಭಿಕ ರಜೆ ಇದೆ. ಹುಡುಗರ ಬಾಯಲ್ಲಿ ಇವು ಎ.ಎಲ್. ಮತ್ತು ಸಿ.ಎಲ್. ಅಧಿಕಾರಿಗಳಿಗೂ ಎ.ಎಲ್. 60 ದಿನವೇ, ಸಿ.ಎಲ್. ಮಾತ್ರ 20 ದಿನ. ಎರಡರಲ್ಲೂ ಸಂಬಳ ಪೂರ್ತಿ ಬರುತ್ತದೆ. ಆದರೆ ಎರಡರ ಸ್ವಭಾವ ಬೇರೆ ಬೇರೆ. ಊರಲ್ಲಿ ಕೂತು ಲೆಕ್ಕ ಹಾಕುವವರು ತಪ್ಪುವುದು ಇಲ್ಲಿಯೇ.

ಸಿ.ಎಲ್. ಅನ್ನು ನಿಯಮ ಸಾಮಾನ್ಯವಾಗಿ ಕರ್ತವ್ಯದ ಅವಧಿ ಎಂದೇ ಎಣಿಸುತ್ತದೆ. ಹಾಗಾಗಿ ಅದನ್ನು ಬೇರೆ ರಜೆಗೆ ಬಾಲದಂತೆ ಅಂಟಿಸಲು ಬರುವುದಿಲ್ಲ. ‘30 ದಿನ ಎ.ಎಲ್. ಮುಗಿದ ಮೇಲೆ 10 ದಿನ ಸಿ.ಎಲ್. ಹಾಕಿಕೊಂಡು ಒಟ್ಟು 40 ದಿನ ಇರುತ್ತಾನೆ’ ಎಂದು ಮನೆಯಲ್ಲಿ ಮಾತಾಡಿಕೊಂಡರೆ ಅದು ನಡೆಯದ ಮಾತು. ನಡುವೆ ಯೂನಿಟ್‌ಗೆ ಹೋಗಿ ಹಾಜರಾಗಲೇಬೇಕು. ಸಿ.ಎಲ್.ನ ಹಿಂದೆ ಮುಂದೆ ಭಾನುವಾರ, ಸರ್ಕಾರಿ ರಜಾದಿನ ಬಂದರೆ ಅನುಮತಿ ಪಡೆದು ಸೇರಿಸಿಕೊಳ್ಳಬಹುದು. ಹೀಗಾಗಿ 10 ದಿನದ ಸಿ.ಎಲ್. ಕೈಯಲ್ಲಿ 11-12 ದಿನ ಆಗುವುದುಂಟು. ಆ ವರ್ಷದ ಸಿ.ಎಲ್. ಆ ವರ್ಷಕ್ಕೇ ಮುಗಿಯಿತು, ಉಳಿದದ್ದು ಡಿಸೆಂಬರ್ 31ಕ್ಕೆ ನೀರಿನಲ್ಲಿ ಹೋಮ. ಡಿಸೆಂಬರ್ ಕೊನೆಗೆ ಹೊರಟು ಸಿ.ಎಲ್. ಜನವರಿಗೂ ಚಾಚಿದರೆ, ಜನವರಿಯ ದಿನಗಳನ್ನು ಹೊಸ ವರ್ಷದ 30ರಲ್ಲಿ ಕಳೆಯುತ್ತಾರೆ.

ಎ.ಎಲ್. ಹಾಗಲ್ಲ. ಒಂದೇ ಸಲವೂ ತೆಗೆದುಕೊಳ್ಳಬಹುದು, ಎರಡು ಮೂರು ಕಂತಿನಲ್ಲೂ ತೆಗೆದುಕೊಳ್ಳಬಹುದು. ಬಳಸದೆ ಉಳಿದ ಎ.ಎಲ್.ನಲ್ಲಿ ವರ್ಷಕ್ಕೆ 30 ದಿನದವರೆಗೆ ಖಾತೆಗೆ ಜಮೆಯಾಗುತ್ತದೆ. ಇಡೀ ಸೇವೆಯಲ್ಲಿ ಗರಿಷ್ಠ 300 ದಿನ. ನಿವೃತ್ತಿಯ ದಿನ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿಸಿ, ದಿನದ ಲೆಕ್ಕದಲ್ಲಿ ಅದು ಹಣವಾಗಿ ಕೈಗೆ ಬರುತ್ತದೆ. ಆದ್ದರಿಂದ ಸಣ್ಣ ಪುಟ್ಟ ಕೆಲಸಕ್ಕೆ, ಅಂದರೆ ಗೃಹಪ್ರವೇಶ, ನಾಮಕರಣ, ಬ್ಯಾಂಕಿನ ಸಹಿಯಂಥದ್ದಕ್ಕೆ, ಸಿ.ಎಲ್. ಬಳಸಲಿ. ಮದುವೆ, ಕೊಯ್ಲು, ಹೆರಿಗೆಗೆ ಎ.ಎಲ್. ಇಟ್ಟುಕೊಳ್ಳಲಿ. ಅನುಭವಿ ಹವಾಲ್ದಾರರು ಹೊಸ ಹುಡುಗರಿಗೆ ಹೇಳುವುದೂ ಇದನ್ನೇ.

ಈಗ ಮುಖ್ಯ ಮಾತು. ಇಷ್ಟು ದಿನ ಇದೆ ಎಂದು ಬರೆದಿದ್ದರೂ ಸೇನೆಯಲ್ಲಿ ರಜೆ ಹಕ್ಕಲ್ಲ. ಕೆಲಸದ ಅಗತ್ಯ ಬಿದ್ದರೆ ಕೊಡದೆ ಇರಬಹುದು, ಕಡಿತ ಮಾಡಬಹುದು, ಮನೆಗೆ ಬಂದವನನ್ನು ಅರ್ಧಕ್ಕೇ ಕರೆಸಿಕೊಳ್ಳಬಹುದು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಮನೆಗೆ ಬಂದಿದ್ದ ಎಷ್ಟೋ ಯೋಧರು ಅರ್ಧಕ್ಕೇ ಹೊರಟು ಹೋದರು. ಅದೂ ಮದುವೆಯ ತಿಂಗಳೇ.

ರಜೆ ಕೊಡಲು ಯಾಕೆ ಇಷ್ಟು ಹಿಂದೆ ಮುಂದೆ ನೋಡುತ್ತಾರೆ ಎನ್ನುವುದಕ್ಕೆ ಒಂದು ಸರಳ ಲೆಕ್ಕ ಇದೆ. ಒಬ್ಬನಿಗೆ 60 ಮತ್ತು 30 ಸೇರಿ ವರ್ಷಕ್ಕೆ 90 ದಿನ. ಅಂದರೆ ವರ್ಷದ ಕಾಲು ಭಾಗ. ಎಲ್ಲರಿಗೂ ಪೂರ್ತಿ ರಜೆ ಕೊಟ್ಟರೆ, 120 ಜನರ ಒಂದು ಕಂಪನಿಯಲ್ಲಿ (ಯೂನಿಟ್‌ನ ಒಂದು ತುಕಡಿ) ಯಾವ ದಿನ ನೋಡಿದರೂ 30 ಜನ ಊರಲ್ಲಿರುತ್ತಾರೆ. ಇದರ ಮೇಲೆ ಕೋರ್ಸಿಗೆ ಹೋದವರು, ಆಸ್ಪತ್ರೆಯಲ್ಲಿರುವವರು, ತಾತ್ಕಾಲಿಕ ಡ್ಯೂಟಿಗೆ ಹೋದವರು. ಉಳಿದವರಲ್ಲೇ ಪೋಸ್ಟ್, ಪಹರೆ, ಗಸ್ತು, ಅಡುಗೆಮನೆ, ಗಾಡಿ ಎಲ್ಲ ನಡೆಯಬೇಕು. ಎಲ್ಲರೂ ಒಂದೇ ತಿಂಗಳು ಕೇಳಿದರೆ ಲೆಕ್ಕ ಕೈಕೊಡುತ್ತದೆ. ಅದಕ್ಕೇ ಕಂಪನಿ ಮಟ್ಟದಲ್ಲಿ ಮೊದಲೇ ಲೀವ್ ಪ್ಲಾನ್ ಬರೆದಿಡುತ್ತಾರೆ.

ಇಲ್ಲೊಂದು ಒಳಮರ್ಮವಿದೆ. ಯೂನಿಟ್‌ನಲ್ಲಿ ಯಾವ ಊರಿನ ಹುಡುಗರು ಎಷ್ಟಿದ್ದಾರೆ ಎಂಬುದರ ಮೇಲೆ ರಜೆಯ ನೂಕುನುಗ್ಗಲು ನಿಂತಿದೆ. ಎಲ್ಲ ರಾಜ್ಯದವರೂ ಬೆರೆತ ಯೂನಿಟ್ ಆದರೆ ಯುಗಾದಿಗೆ ಕೇಳುವವರು ನಮ್ಮ ಕಡೆಯವರು ಮಾತ್ರ. ಬಿಹಾರದವನು ಛಠ್ ಪೂಜೆಗೆ ಕೇಳುತ್ತಾನೆ, ಪಂಜಾಬಿನವನಿಗೆ ಏಪ್ರಿಲ್ ಅಂದರೆ ಗೋಧಿ ಕೊಯ್ಲು. ಅಂಥಲ್ಲಿ ನಮ್ಮ ಹಬ್ಬಕ್ಕೆ ರಜೆ ಸಿಗುವುದು ಸುಲಭ. ಕನ್ನಡ ಮರಾಠಿ ಹುಡುಗರೇ ತುಂಬಿರುವ ಯೂನಿಟ್‌ನಲ್ಲಿ ಗಣೇಶನ ಹಬ್ಬ, ಯುಗಾದಿ, ಮೇ ತಿಂಗಳ ಲಗ್ನ ಎಲ್ಲರಿಗೂ ಒಂದೇ ಸಲ ಬೇಕು. ದೀಪಾವಳಿಯಂತೂ ಎಲ್ಲರದ್ದು. ನಮ್ಮಲ್ಲಿ ಮೆಕ್ಕೆಜೋಳ ಮುರಿಯುವುದೂ ಅದೇ ಹೊತ್ತು. ನಿಮ್ಮ ಮಗನ ಯೂನಿಟ್ ಯಾವ ಬಗೆಯದು ಎಂದು ಅವನನ್ನೇ ಕೇಳಿ, ಮದುವೆ ತಿಂಗಳನ್ನು ಆಮೇಲೆ ಯೋಚಿಸಿ.

ಎತ್ತರದ ಪ್ರದೇಶದಲ್ಲಿದ್ದರೆ ಇನ್ನೊಂದು ಕಾರಣ ಸೇರುತ್ತದೆ. 9,000 ಅಡಿಗಿಂತ ಮೇಲಿನ ಪೋಸ್ಟ್‌ಗೆ ಕೆಳಗಿನಿಂದ ಹೋದವನನ್ನು ನೇರ ಕೆಲಸಕ್ಕೆ ಹಚ್ಚುವುದಿಲ್ಲ. ಮೈ ಆ ಗಾಳಿಗೆ ಹೊಂದಿಕೊಳ್ಳಲು 12,000 ಅಡಿವರೆಗೆ 6 ದಿನ, ಅಲ್ಲಿಂದ 15,000 ಅಡಿವರೆಗೆ 4 ದಿನ, ಅದಕ್ಕೂ ಮೇಲೆ ಮತ್ತೆ 4 ದಿನ ಹಂತ ಹಂತವಾಗಿ ನಿಲ್ಲಿಸುತ್ತಾರೆ. ನಾಲ್ಕು ವಾರಕ್ಕಿಂತ ಹೆಚ್ಚು ಕೆಳಗಿದ್ದು ಹೋದವನಿಗೆ ಇದು ಮತ್ತೆ ಮೊದಲಿನಿಂದ. ಅವಸರಪಟ್ಟರೆ ಶ್ವಾಸಕೋಶಕ್ಕೆ ನೀರು ಇಳಿದು ಪ್ರಾಣಕ್ಕೇ ಅಪಾಯ. ಅಂದರೆ ಅಂಥ ಪೋಸ್ಟ್‌ನವನು 30 ದಿನ ರಜೆ ಹೋದರೆ ಯೂನಿಟ್‌ಗೆ ಅವನು ಕೈಗೆ ಸಿಗುವುದು ಸುಮಾರು ಒಂದೂವರೆ ತಿಂಗಳ ಮೇಲೆ. ಹಾಗಾಗಿ ಅಲ್ಲಿ ಹತ್ತು ಹತ್ತು ದಿನದ ತುಂಡು ರಜೆಗಿಂತ ಒಂದೇ ಉದ್ದ ರಜೆಯನ್ನು ಸುಲಭವಾಗಿ ಒಪ್ಪುತ್ತಾರೆ. ‘ಮದುವೆಗೆ ಹತ್ತು ದಿನ, ಜಾತ್ರೆಗೆ ಹತ್ತು ದಿನ’ ಎಂದು ಎರಡು ಸಲ ಕೇಳಿಸಬೇಡಿ.

ಮದುವೆಗೆ ಕೇಳುವ ಕ್ರಮ

ಲಗ್ನಕ್ಕೆ ಮೂರು ತಿಂಗಳಾದರೂ ಇರುವಾಗ ಎರಡು ಮೂರು ಮುಹೂರ್ತ ಬರೆಸಿಕೊಂಡು, ಆ ದಿನಾಂಕಗಳನ್ನು ಇಬ್ಬರು ಮಕ್ಕಳಿಗೂ ಕಳಿಸಿ. ಅವರು ತಮ್ಮ ಸೆಕ್ಷನ್ ಮತ್ತು ಪ್ಲಟೂನ್ ಮೂಲಕ ಕಂಪನಿ ಹವಾಲ್ದಾರ್ ಮೇಜರ್, ಸೀನಿಯರ್ ಜೆಸಿಓ (ಸುಬೇದಾರ್ ದರ್ಜೆಯವರು), ಕಂಪನಿ ಕಮಾಂಡರ್ ಹೀಗೆ ಮೇಲೆ ಕೇಳುತ್ತಾರೆ. ಬಾಯಿಮಾತಿನ ‘ಆಯ್ತು, ನೋಡೋಣ’ ಎನ್ನುವುದನ್ನು ಮಂಜೂರಾತಿ ಎಂದುಕೊಳ್ಳಬೇಡಿ. ಲೀವ್ ಪ್ಲಾನ್‌ನಲ್ಲಿ ಹೆಸರು ಹತ್ತಿದೆಯೇ ಎಂದು ಕೇಳಿ. ಇಬ್ಬರಿಗೂ ಹೊಂದುವ ಮುಹೂರ್ತ ಒಂದನ್ನು ಹಿಡಿದು, ಆಮೇಲೆ ಛತ್ರ, ಅಡುಗೆಯವರು, ಪತ್ರಿಕೆ. ಬೀಗರಿಗೂ ಮೊದಲೇ ಹೇಳಿಬಿಡಿ. ಮಿಲಿಟರಿ ಮನೆಯ ಮದುವೆ ಅಂದರೆ ನಮ್ಮ ಕಡೆ ಯಾರೂ ತಕರಾರು ಮಾಡುವುದಿಲ್ಲ.

ಪತ್ರಿಕೆ ಅಚ್ಚಾದ ಕೂಡಲೇ ಅದರ ಸ್ಪಷ್ಟ ಫೋಟೋ ಮಕ್ಕಳಿಗೆ ಹೋಗಲಿ. ಕನ್ನಡ ಪತ್ರಿಕೆಯಾದರೆ ವಧುವಿನ ಹೆಸರು, ದಿನಾಂಕ, ಸ್ಥಳ ಇಷ್ಟನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಒಂದು ಹಾಳೆಯ ಮೇಲೆ ಬರೆದು ಜೊತೆಗಿಡಿ. ಅಲ್ಲಿನ ಹೆಡ್ ಕ್ಲರ್ಕ್ ಕನ್ನಡ ಓದುವವರಾಗಿರುವುದಿಲ್ಲ. ದೊಡ್ಡ ಮಗ ಎಷ್ಟು ದಿನ ಕೇಳಬೇಕು? ಅಣ್ಣನೆಂದ ಮೇಲೆ ಚಪ್ಪರದಿಂದ ಹಿಡಿದು ಲೆಕ್ಕ ತೀರಿಸುವವರೆಗೆ ಅವನ ಮೇಲೇ ಬೀಳುತ್ತದೆ, ಹೋಗಿ ಬರುವ ದಾರಿಯೂ ಉದ್ದ. 30 ದಿನದ ಒಂದು ಎ.ಎಲ್. ಕಂತು ಸರಿಹೋಗುತ್ತದೆ. ಮದುವೆಯ ದಿನ ಆ 30ರ ನಡುವೆ ಬೀಳಲಿ, ಕೊನೆಗೆ ಬೇಡ. ಕೊನೆಗಿಟ್ಟರೆ ಒಂದು ದಿನ ಆಚೆ ಈಚೆ ಆದರೂ ರಜೆ ಮುಗಿದಿರುತ್ತದೆ, ಮೊದಲಿಗಿಟ್ಟರೆ ರೈಲು ತಡವಾದರೆ ಧಾರೆಗೇ ಅಣ್ಣ ಇರುವುದಿಲ್ಲ.

ಚಿಕ್ಕವನದು ಬೇರೆ ಲೆಕ್ಕ. ಅಗ್ನಿವೀರರಿಗೆ ನಾಲ್ಕು ವರ್ಷವೂ ವರ್ಷಕ್ಕೆ 30 ದಿನ ರಜೆ. ಕಾಯಿಲೆ ಬಿದ್ದರೆ ವೈದ್ಯರ ಸಲಹೆ ಮೇರೆಗೆ ಸಿಗುವ ರಜೆ ಬೇರೆ, ಅಷ್ಟೇ. ಅಣ್ಣನಿಗೆ 90 ಇದೆ, ತನಗೂ ಹತ್ತಿರ ಹತ್ತಿರ ಅಷ್ಟೇ ಎಂದು ಅವನು ಅಂದುಕೊಂಡಿದ್ದರೆ ಈಗಲೇ ತಿದ್ದಿ. ಯುಗಾದಿಗೆ ಬಂದು 15 ದಿನ ಕಳೆದರೆ ಮದುವೆಗೂ, ವರ್ಷದ ಉಳಿದ ಆಪತ್ತಿಗೂ ಸೇರಿ 15 ದಿನ ಮಾತ್ರ ಉಳಿಯುತ್ತದೆ. ಈ ವರ್ಷ ಹಬ್ಬಕ್ಕೆ ಅವನನ್ನು ಕರೆಯಬೇಡಿ. ಮದುವೆಗೆ 15ರಿಂದ 18 ದಿನ ಕೇಳಲಿ, ಹತ್ತು ದಿನವಾದರೂ ಕೈಯಲ್ಲಿ ಉಳಿದಿರಲಿ. ನಾಲ್ಕನೇ ವರ್ಷದ ಕೊನೆಗೆ ಕಾಯಂ ಆಗುವವರು ಗರಿಷ್ಠ ಶೇಕಡಾ 25. ಆ ಆಯ್ಕೆಯಲ್ಲಿ ಕೆಲಸದ ದಾಖಲೆಯನ್ನು ನೋಡುತ್ತಾರೆ. ತಡವಾಗಿ ಹಾಜರಾದ ಒಂದು ನಮೂದು ಅಣ್ಣನಿಗಿಂತ ತಮ್ಮನಿಗೆ ಹೆಚ್ಚು ದುಬಾರಿ.

(ಊರಲ್ಲಿ ಬಿಎಸ್‌ಎಫ್, ಸಿಆರ್‌ಪಿಎಫ್‌ನಲ್ಲಿರುವ ಹುಡುಗರ ರಜೆಯನ್ನು ಇದಕ್ಕೆ ಹೋಲಿಸಬೇಡಿ. ಅವು ಗೃಹ ಸಚಿವಾಲಯದ ಪಡೆಗಳು, ರಜೆ ನಿಯಮವೇ ಬೇರೆ.)

ಐದು ದಿನ ತಡವಾದದ್ದು

ನಿಮ್ಮ ಮಗನಿಗೆ ಆದದ್ದು ಅನ್ಯಾಯವೇನಲ್ಲ, ಆದರೆ ತಪ್ಪಿಸಬಹುದಾಗಿದ್ದ ಸಂಗತಿ. 1950ರ ಸೇನಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಗೈರಾಗುವುದೂ ಅಪರಾಧ, ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದೂ ಅಪರಾಧ. ಕೋರ್ಟ್ ಮಾರ್ಷಲ್‌ವರೆಗೆ ಹೋದರೆ 3 ವರ್ಷದವರೆಗೆ ಸೆರೆ ವಿಧಿಸಬಹುದು. ನಾಲ್ಕೈದು ದಿನದ ಪ್ರಕರಣ ಅಲ್ಲಿಗೆ ಹೋಗುವುದಿಲ್ಲ, ಕಮಾಂಡಿಂಗ್ ಆಫೀಸರ್ ಮಟ್ಟದಲ್ಲೇ 80ನೇ ಸೆಕ್ಷನ್ನಿನಲ್ಲಿ ತೀರುತ್ತದೆ. ಅಲ್ಲೂ ಸಿಪಾಯಿಗಾದರೆ 28 ದಿನದವರೆಗಿನ ಸೆರೆ ಅಥವಾ ಬಂಧನದ ಅಧಿಕಾರ ಅವರಿಗಿದೆ, ನಾಯ್ಕ್‌ಗೆ ಮಾತ್ರ ಆ ಸೆಕ್ಷನ್ನಿನಲ್ಲಿ ಅದನ್ನು ವಿಧಿಸುವಂತಿಲ್ಲ. ಗೈರಾದ ಪ್ರತಿ ದಿನದ ಸಂಬಳ ಭತ್ಯೆ ಕಡಿತವಾಗುವುದು ಶಿಕ್ಷೆಯ ಜೊತೆಗೆ, ಅದರ ಬದಲಿಗಲ್ಲ. ಅದಕ್ಕೇ ನಿಮಗೆ ಎರಡೂ ಆಯಿತು ಅನ್ನಿಸಿದ್ದು.

ಹಣ ಹೋದರೆ ಹೋಗಲಿ, ದಾಖಲೆ ಉಳಿಯುತ್ತದೆ. ಭಾರಿ ಶಿಕ್ಷೆಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಹುಡುಗರು ‘ರೆಡ್ ಎಂಟ್ರಿ’ ಎಂದು ಹೆದರುವುದು ಅದಕ್ಕೇ. ಬಡ್ತಿಯ ಸಮಯದಲ್ಲಿ ಅದು ಅಡ್ಡ ಬರುತ್ತದೆ, ನಾಲ್ಕು ಸೇರಿದರೆ ಸೇವೆಯಿಂದಲೇ ಬಿಡುಗಡೆ ಮಾಡುವ ಪ್ರಕ್ರಿಯೆ ಶುರುವಾಗಬಹುದು. ನಾಲ್ಕಾದವು ಎಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಮನೆಗೆ ಕಳಿಸುವಂತಿಲ್ಲ, ವಿಚಾರಣೆ ನಡೆಸಿ ಪರಿಸ್ಥಿತಿ ತೂಗಿ ನೋಡಬೇಕು ಎಂದು 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಂತಕ್ಕೆ ಹೋಗದಿರುವುದೇ ವಾಸಿ. ಕಳೆದ ವರ್ಷದ ಶಿಕ್ಷೆ ಕೆಂಪು ಶಾಯಿಯದೋ ಕಪ್ಪು ಶಾಯಿಯದೋ ಎಂದು ಮಗನನ್ನು ಕೇಳಿ ತಿಳಿದಿಟ್ಟುಕೊಳ್ಳಿ.

30 ದಿನ ದಾಟಿದರೆ ಕಥೆ ಬೇರೆಯೇ. 106ನೇ ಸೆಕ್ಷನ್ನಿನಂತೆ ವಿಚಾರಣಾ ಮಂಡಳಿ ಕೂರುತ್ತದೆ, ಅವನು ಪಲಾಯನ ಮಾಡಿದವನೆಂದು ದಾಖಲಾಗುತ್ತದೆ. ಹಿಡಿದು ಒಪ್ಪಿಸುವಂತೆ ಪೊಲೀಸರಿಗೆ ಪತ್ರ ಬಂದು ಪೇದೆ ಮನೆ ಬಾಗಿಲಿಗೆ ಬರುತ್ತಾನೆ. ಜಗಳವಾಡಿಕೊಂಡು ಬಂದೆ, ಮತ್ತೆ ಹೋಗಲ್ಲ ಎಂದು ಯಾವ ಹುಡುಗ ಊರಲ್ಲಿ ಕೂತರೂ, ಅಪ್ಪ ಅಮ್ಮ ಅವನನ್ನು ಮುಚ್ಚಿಟ್ಟುಕೊಳ್ಳುವುದು ಉಪಕಾರವಲ್ಲ. ತಾನಾಗಿ ಹೋದವನಿಗೂ, ಹಿಡಿದು ತಂದವನಿಗೂ ಅಲ್ಲಿ ಬಹಳ ವ್ಯತ್ಯಾಸ.

ತಪ್ಪಿಸುವ ದಾರಿ ಕಾಯ್ದೆಯ ಮಾತಿನಲ್ಲೇ ಇದೆ: ‘ಸಾಕಷ್ಟು ಕಾರಣವಿಲ್ಲದೆ’. ಕಾರಣ ಇತ್ತು ಎಂದು ತೋರಿಸಬೇಕು, ಅದನ್ನು ರಜೆ ಮುಗಿಯುವ ಮೊದಲೇ ತೋರಿಸಬೇಕು. ಹಿಂದೆ ‘ತಾಯಿ ಗಂಭೀರ, ರಜೆ ವಿಸ್ತರಿಸಿ’ ಎಂದು ತಂತಿ ಕಳಿಸಿ ಸುಮ್ಮನಾಗುತ್ತಿದ್ದರು. 2013ರ ಜುಲೈಗೆ ತಂತಿಯೇ ನಿಂತುಹೋಯಿತು, ಅಭ್ಯಾಸ ಮಾತ್ರ ಹೋಗಿಲ್ಲ. ಈಗ ತಂತಿಯ ಬದಲು ಗೆಳೆಯನಿಗೊಂದು ವಾಟ್ಸ್‌ಆ್ಯಪ್: ‘ಸಾಹೇಬ್ರಿಗೆ ಹೇಳಿಬಿಡೋ’. ಗೆಳೆಯ ಗಸ್ತಿಗೆ ಹೋಗಿರುತ್ತಾನೆ, ಸಾಹೇಬರಿಗೆ ಗೊತ್ತೇ ಆಗುವುದಿಲ್ಲ. ಮಗ ತಾನೇ ಕಂಪನಿ ಕಮಾಂಡರ್ ಅಥವಾ ಸೀನಿಯರ್ ಜೆಸಿಓಗೆ ಫೋನಿನಲ್ಲಿ ಹೇಳಿ, ಬರವಣಿಗೆಯಲ್ಲಿ ವಿಸ್ತರಣೆ ಕೋರಿ, ಎಷ್ಟು ದಿನ ಎಂದು ನಿಖರವಾಗಿ ಬರೆದು, ದಾಖಲೆ ಲಗತ್ತಿಸಬೇಕು. ವಿಸ್ತರಣೆ ಕೇಳಿದ್ದು ವಿಸ್ತರಣೆ ಸಿಕ್ಕಂತಲ್ಲ. ‘ಮಂಜೂರು’ ಎಂಬ ಉತ್ತರ ಬರುವವರೆಗೆ ವಾಪಸ್ ಟಿಕೆಟ್ ರದ್ದು ಮಾಡಬೇಡಿ. ಎ.ಎಲ್. ಉಳಿದಿದ್ದರೆ ಅದರಲ್ಲೇ ಸೇರಿಸುತ್ತಾರೆ. ಬಂದದ್ದು ಸಿ.ಎಲ್. ಮೇಲಾಗಿದ್ದರೆ ಇಡೀ ಅವಧಿಯನ್ನೇ ಎ.ಎಲ್. ಆಗಿ ಬದಲಿಸುವುದುಂಟು, ಏಕೆಂದರೆ ಎರಡನ್ನು ಜೋಡಿಸಲು ಬರುವುದಿಲ್ಲವಲ್ಲ.

ದಾಖಲೆ ಅಂದರೆ ಯಾವುದು? ಒಳರೋಗಿಯಾಗಿ ದಾಖಲಾದ ಚೀಟಿ, ಆಸ್ಪತ್ರೆಯ ಹೆಸರು, ವಾರ್ಡ್, ರೋಗಿಯ ನೋಂದಣಿ ಸಂಖ್ಯೆ, ವೈದ್ಯರ ಸಹಿ ಮೊಹರು, ಬಿಡುಗಡೆ ಸಾರಾಂಶ. ಹೊರರೋಗಿ ಚೀಟಿಯ ಮೇಲೆ ‘ವಿಶ್ರಾಂತಿ ಬೇಕು’ ಎಂದು ಗೀಚಿಸಿಕೊಂಡದ್ದಕ್ಕೆ ಅಲ್ಲಿ ಬೆಲೆ ಕಡಿಮೆ. ಪಂಚಾಯಿತಿಯಲ್ಲಿ ಬರೆಸಿದ ಪತ್ರಕ್ಕೆ ಇನ್ನೂ ಕಡಿಮೆ. ಯೂನಿಟ್‌ನವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಅಥವಾ ಪೊಲೀಸರ ಮೂಲಕ ಪರಿಶೀಲಿಸುವುದುಂಟು. ಸುಳ್ಳು ಚೀಟಿ ಸಿಕ್ಕಿಬಿದ್ದರೆ ತಡವಾದದ್ದಕ್ಕಿಂತ ದೊಡ್ಡ ಅಪರಾಧ ಅದೇ ಆಗುತ್ತದೆ.

ರಜೆಯಲ್ಲಿರುವ ಮಗನಿಗೇ ಕಾಯಿಲೆ ಬಂದರೆ ಕ್ರಮ ಬೇರೆ. ಹತ್ತಿರದ ಸೇನಾ ಆಸ್ಪತ್ರೆಗೆ ವರದಿ ಮಾಡಿಕೊಳ್ಳಬೇಕು. ದಾವಣಗೆರೆ, ಚಿತ್ರದುರ್ಗದವರಿಗೆ ಅದು ಒಂದೋ ಬೆಳಗಾವಿಯ ಮಿಲಿಟರಿ ಆಸ್ಪತ್ರೆ, ಇಲ್ಲವೇ ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ. ಪ್ರಯಾಣ ಮಾಡಲಾಗದ ಸ್ಥಿತಿಯಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಕಡೆ ಒಳರೋಗಿಯಾಗಿ ಸೇರಿಸಿ, ಅದೇ ದಿನ ಯೂನಿಟ್‌ಗೂ ಹತ್ತಿರದ ಸೇನಾ ಆಸ್ಪತ್ರೆಗೂ ತಿಳಿಸಬೇಕು. ಗುಣವಾದ ಮೇಲೆ ತಿಳಿಸಿದರೆ ಯಾರೂ ನಂಬುವುದಿಲ್ಲ.

ಬೈಕಿನ ಬಗ್ಗೆಯೂ ಒಂದು ಮಾತು. ರಜೆಗೆ ಬಂದ ಹುಡುಗರು ಮೊದಲು ಹತ್ತುವುದೇ ಬೈಕು. ಮನೆಗೆ ಬಂದು ಸ್ವಂತ ಕೆಲಸಕ್ಕೆ ಓಡಾಡುವಾಗ ಅಪಘಾತವಾದರೆ ಅದು ಸೇವೆಗೆ ಸಂಬಂಧಿಸಿದ ಗಾಯವಾಗುವುದಿಲ್ಲ, ಅಂಗವಿಕಲ ಪಿಂಚಣಿ ಸಿಗುವುದಿಲ್ಲ. 2011ರಲ್ಲಿ ಜುಝಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಎ.ಎಲ್.ನಲ್ಲಿದ್ದಾಗ ಆದ ಇಂಥದ್ದೇ ಸ್ಕೂಟರ್ ಅಪಘಾತದಲ್ಲಿ. ಯೂನಿಟ್‌ನಿಂದ ಮನೆಗೆ ಬರುವ ದಾರಿಯಲ್ಲಿ ಆದ ಗಾಯಕ್ಕೆ ಬೇರೆ ಅಳತೆ. 1999ರ ಮದನ್ ಸಿಂಗ್ ಶೇಖಾವತ್ ಪ್ರಕರಣದಲ್ಲಿ ಸಿ.ಎಲ್. ಮೇಲೆ ಹೊರಟು ರೈಲಿನಿಂದ ಇಳಿಯುವಾಗ ಗಾಯಗೊಂಡವನಿಗೆ ಪಿಂಚಣಿ ಕೊಡಿಸಿತು. ಅದಕ್ಕೇ ಪ್ರಯಾಣದ ಟಿಕೆಟ್, ಲೀವ್ ಸರ್ಟಿಫಿಕೇಟ್ (ರಜೆ ಚೀಟಿ) ಎರಡನ್ನೂ ರಜೆ ಮುಗಿಯುವವರೆಗೆ ಬಿಸಾಡಬಾರದು.

ಕೇಸಿಗೆ ಬರುವುದು

ಇದು ಬಹಳ ಜನಕ್ಕೆ, ಕೆಲವು ವಕೀಲರಿಗೂ, ಗೊತ್ತಿರದ ವಿಷಯ. ಸೇನಾ ಕಾಯ್ದೆಯ 32ನೇ ಸೆಕ್ಷನ್ ಯೋಧನ ಪ್ರಕರಣವನ್ನು ಅವನ ರಜೆಯ ಒಳಗೆ ಸಾಧ್ಯವಾದ ಮಟ್ಟಿಗೆ ಆಲಿಸಿ ಮುಗಿಸಬೇಕು ಎನ್ನುತ್ತದೆ. ಅದಕ್ಕೆ ಮಗ ‘ದಾವೆ ನಡೆಸಲು ರಜೆ ಬೇಕು’ ಎಂದೇ ಅರ್ಜಿ ಹಾಕಿ, ಸೇನಾ ಅಧಿಕಾರಿಯಿಂದ ಒಂದು ಪ್ರಮಾಣಪತ್ರ ಪಡೆಯಬೇಕು. ಅದರಲ್ಲಿ ರಜೆಯ ಮೊದಲ ದಿನ, ಕೊನೆಯ ದಿನ, ಪ್ರಕರಣದ ವಿವರ ಇರಬೇಕು. ವಕೀಲರು ಅದನ್ನು ಅರ್ಜಿಯೊಂದಿಗೆ ನ್ಯಾಯಾಲಯಕ್ಕೆ ಸಲ್ಲಿಸುತ್ತಾರೆ. ಈ ಪ್ರಮಾಣಪತ್ರ ಹಾಜರುಪಡಿಸಲು ಕೋರ್ಟ್ ಶುಲ್ಕ ಇಲ್ಲ. ರಜೆಯೊಳಗೆ ಆಲಿಸಲು ಆಗದಿದ್ದರೆ ನ್ಯಾಯಾಲಯ ಕಾರಣ ಬರೆದಿಡಬೇಕು. ಮಗ ಬರಲು ಎರಡು ಮೂರು ವಾರ ಇರುವಾಗಲೇ ಇದು ವಕೀಲರ ಕೈ ಸೇರಲಿ. ಬಂದ ಮೇಲೆ ಕೊಟ್ಟರೆ ಮುಂದಿನ ವಾಯಿದೆಯೇ ರಜೆ ದಾಟಿರುತ್ತದೆ.

ಆದರೆ ನಿಮ್ಮ ಲೆಕ್ಕದಲ್ಲಿ ಒಂದು ತೊಡಕಿದೆ. ಮದುವೆ ಮೇ ತಿಂಗಳಲ್ಲಿಟ್ಟರೆ ಸಿವಿಲ್ ಕೋರ್ಟುಗಳಿಗೆ ಅದೇ ಬೇಸಿಗೆ ರಜೆ. ‘ಮದುವೆಗೂ ಆಯ್ತು, ಕೇಸಿಗೂ ಆಯ್ತು’ ಎಂದು ಒಂದೇ ರಜೆಯಲ್ಲಿ ಎರಡನ್ನು ಮಾಡಹೊರಟರೆ ಸಾಕ್ಷಿ ಹೇಳಲು ಬಂದವನು ಬೀಗ ಹಾಕಿದ ಕೋರ್ಟು ನೋಡಿ ಹೋಗಬೇಕಾದೀತು. ಮದುವೆಗೆ ಎ.ಎಲ್.ನ 30 ದಿನ, ಕೇಸಿಗೆ ಜುಲೈ ಮೇಲೆ ಉಳಿದ ಎ.ಎಲ್.ನಲ್ಲೋ ಸಿ.ಎಲ್.ನಲ್ಲೋ ಕೆಲವು ದಿನ ಎಂದು ಬೇರ್ಪಡಿಸಿ. ಮಗ ಯುದ್ಧಸ್ಥಿತಿಯಂಥ ಕರ್ತವ್ಯದಲ್ಲಿದ್ದು ಬರಲೇ ಆಗದಿದ್ದರೆ 1925ರ ಭಾರತೀಯ ಸೈನಿಕರ ದಾವೆಗಳ ಕಾಯ್ದೆಯಂತೆ ಪ್ರಕರಣ ಮುಂದೂಡಲು ಕೇಳಬಹುದು. ಅವನು ಇಲ್ಲದ ಹೊತ್ತು ನೋಡಿ ಎದುರಾಳಿ ಆದೇಶ ಪಡೆದುಬಿಡುತ್ತಾನೆ ಎಂಬ ಭಯಕ್ಕೆ ಇದು ತಡೆ. ಒತ್ತುವರಿ, ಸರ್ವೆ, ಪೋಡಿಯಂಥ ಕಂದಾಯದ ಕೆಲಸವಾದರೆ ಮಗ ಬರುವ ಅಗತ್ಯವೇ ಇಲ್ಲದಿರಬಹುದು. ಕಮಾಂಡಿಂಗ್ ಆಫೀಸರ್ ಜಿಲ್ಲಾಧಿಕಾರಿಗೆ ಬರೆಯುವ ಪತ್ರ ತಹಶೀಲ್ದಾರರ ಮೇಜಿಗೆ ಬಂದರೆ ಕಡತ ಸರಿದಾಡುತ್ತದೆ. ಅದನ್ನು ಕೇಳಿ ಪಡೆಯಲಿ.

ಪತ್ರದ ಪ್ರಶ್ನೆಗೆ ಬರೋಣ. ತಂದೆ ತಾಯಿ ಕಮಾಂಡಿಂಗ್ ಆಫೀಸರ್‌ಗೆ ಬರೆಯಬಹುದು, ತಪ್ಪೇನಿಲ್ಲ. ಆದರೆ ರಜೆ ಕೇಳಬೇಕಾದವನು ಮಗ. ನಿಮ್ಮ ಪತ್ರ ಅವನ ಅರ್ಜಿಗೆ ಆಧಾರ ಮಾತ್ರ. ಒಂದು ಪುಟ ಸಾಕು: ಮಗನ ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಕಾರಣ, ದಿನಾಂಕ, ನಿಮ್ಮ ಫೋನ್. ಕಣ್ಣೀರಿನ ಕಥೆ ಬೇಡ. ಶಾಸಕರು, ಸಂಸದರ ಶಿಫಾರಸು ಪತ್ರ ಖಂಡಿತ ಬೇಡ. ನಗರಸಭೆಯಲ್ಲಿ ಕೆಲಸ ಮಾಡಿಸಿಕೊಳ್ಳುವ ಆ ದಾರಿ ಅಲ್ಲಿ ತಿರುಗುಬಾಣ. ಹೊರಗಿನ ಪ್ರಭಾವ ತಂದವನು ಎಂಬ ಹೆಸರು ಮಗನಿಗೆ ಅಂಟುತ್ತದೆ. ರಜೆ ನಿರಾಕರಿಸಿದರೆ ಮಗನಿಗೆ ಇರುವ ದಾರಿ ಕಂಪನಿ ಕಮಾಂಡರ್ ಮೂಲಕ ಸಿಓ (ಕಮಾಂಡಿಂಗ್ ಆಫೀಸರ್) ಇಂಟರ್‌ವ್ಯೂ ಕೇಳುವುದು. ಯೋಧರು ಅಧಿಕಾರಿಗಳ ಮುಂದೆ ಅಹವಾಲು ಹೇಳುವ ಸಭೆಯಾದ ಸೈನಿಕ ಸಮ್ಮೇಳನದಲ್ಲೂ ಹೇಳಿಕೊಳ್ಳಬಹುದು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುತ್ತೇವೆ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. 2007ರ ಆ ಕಾಯ್ದೆಯೇ ಎಲ್ಲ ಬಗೆಯ ರಜೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ಇನ್ನು ದಾರಿ. ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗಲು ವಾರಂಟ್ (ಸೇನೆ ಕೊಡುವ ಪ್ರಯಾಣ ಚೀಟಿ) ಮೇಲೆ ಉಚಿತ ರೈಲು ಪ್ರಯಾಣ ಇದೆ, ಉಳಿದ ಸಲಕ್ಕೆ ರಿಯಾಯಿತಿ ಚೀಟಿ. ಉದ್ದ ರಜೆಗೆ, ಅಂದರೆ ಮದುವೆಗೆ, ವಾರಂಟ್ ಉಳಿಸಿಕೊಳ್ಳಲಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಮೇ ತಿಂಗಳಲ್ಲಿ ಬುಕಿಂಗ್ ತೆರೆದ ಬೆಳಿಗ್ಗೆಯೇ ಸೀಟು ಖಾಲಿ. ರಕ್ಷಣಾ ಕೋಟಾ ಇದ್ದರೂ ಅದರಲ್ಲಿ ಬರ್ತ್ ಕೆಲವೇ. ದಾವಣಗೆರೆಯವರಿಗೆ ಬೆಂಗಳೂರು ಹುಬ್ಬಳ್ಳಿ ಮುಖ್ಯ ಮಾರ್ಗ ಊರಲ್ಲೇ ಇದೆ, ಚಿತ್ರದುರ್ಗದ ಕಡೆಯವರು ಚಿಕ್ಕಜಾಜೂರಿಗೆ ಬಂದು ಹಿಡಿಯಬೇಕು. ಜಮ್ಮುವಿನಿಂದ ಇಲ್ಲಿಗೆ ದೆಹಲಿಯಲ್ಲಿ ಬದಲಿಸಿ ಬರುವ ಹೊತ್ತಿಗೆ ಮೂರು ದಿನ ಇಟ್ಟುಕೊಳ್ಳಿ. ಪ್ರಯಾಣದ ದಿನಗಳು ರಜೆಯ ಒಳಗೋ ಹೊರಗೋ, ಎಣಿಕೆ ಯೂನಿಟ್‌ನಿಂದಲೋ, ದಾರಿಯಲ್ಲಿ ಯೋಧರು ತಂಗುವ ಟ್ರಾನ್ಸಿಟ್ ಕ್ಯಾಂಪ್‌ನಿಂದಲೋ ಎನ್ನುವ ವಾದ ಮನೆಯಲ್ಲಿ ಬೇಡ. ಲೀವ್ ಸರ್ಟಿಫಿಕೇಟ್‌ನಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂದು ಬರೆದ ದಿನಾಂಕವೇ ಕೊನೆಯ ಮಾತು.

ವಾಪಸ್ ಹೋಗುವಾಗ ಒಂದು ದಿನ ಮುಂಚೆ ತಲುಪುವಂತೆ ಟಿಕೆಟ್ ಮಾಡಿಸಿ. 2025ರ ಜೂನ್‌ನಿಂದ ಕಟ್ರಾ ಶ್ರೀನಗರ ರೈಲು ಓಡುತ್ತಿದ್ದರೂ ರಸ್ತೆಯಲ್ಲೇ ಹೋಗಬೇಕಾದವರು ಇದ್ದೇ ಇದ್ದಾರೆ. ಆ ಹೆದ್ದಾರಿ ಭೂಕುಸಿತಕ್ಕೆ ಮುಚ್ಚುವುದು ಹೊಸದಲ್ಲ. ದಾರಿ ಮುಚ್ಚಿದರೆ ಹೋಟೆಲಿನಲ್ಲಿ ಕೂರದೆ ಟ್ರಾನ್ಸಿಟ್ ಕ್ಯಾಂಪಿಗೆ ಹೋಗಿ ವರದಿ ಮಾಡಿಕೊಂಡು, ದಿನಾಂಕದ ಮೊಹರು ಹಾಕಿಸಿಕೊಳ್ಳಬೇಕು. ಆ ಮೊಹರು ಇದ್ದವನಿಗೆ ‘ನಿನ್ನೆ ಎಲ್ಲಿದ್ದೆ’ ಎಂಬ ಪ್ರಶ್ನೆಗೆ ಉತ್ತರ ಜೇಬಿನಲ್ಲೇ ಇರುತ್ತದೆ.

ಇಬ್ಬರೂ ಮದುವೆಗೆ ಬಂದಾಗ ಅವರ ಕೈಯಲ್ಲೇ ಒಂದು ಹಾಳೆ ಬರೆಸಿ ಬೀರುವಿನ ಬಾಗಿಲ ಒಳಗೆ ಅಂಟಿಸಿ: ಆರ್ಮಿ ನಂಬರ್, ರ‍್ಯಾಂಕ್, ಕಂಪನಿ, ಎಪಿಒ (ಸೇನಾ ಅಂಚೆ ಕಚೇರಿ) ವಿಳಾಸ, ಯೂನಿಟ್‌ನ ಫೋನ್, ರೆಜಿಮೆಂಟಲ್ ಸೆಂಟರ್‌ನ ಫೋನ್. ಮನೆಯಲ್ಲಿ ಸಾವು ನೋವು ಆದಾಗ ಮಗನ ಮೊಬೈಲಿಗೆ ಹತ್ತು ಸಲ ಮಾಡಿ ‘ಸ್ವಿಚ್ ಆಫ್’ ಎಂದು ಅಳುವ ಬದಲು ಯೂನಿಟ್‌ಗೆ ಒಂದೇ ಫೋನ್ ಸಾಕು. ಪೋಸ್ಟ್‌ನಲ್ಲಿದ್ದರೂ ಅವರು ಸುದ್ದಿ ಮುಟ್ಟಿಸುತ್ತಾರೆ, ಅಂಥ ಹೊತ್ತಲ್ಲಿ ಮೊದಲು ಕಳಿಸಿ ಆಮೇಲೆ ಕಾಗದ ನೋಡುವುದೇ ಹೆಚ್ಚು. ಆ ವರ್ಷದ ರಜೆ ಮುಗಿದಿದ್ದರೂ, ಮುಂದಿನ ವರ್ಷದ ಎ.ಎಲ್.ನಿಂದ ಸ್ವಲ್ಪ ಮುಂಗಡ ಕೊಡುವ ಅವಕಾಶ ಸಿಓ ಕೈಯಲ್ಲಿದೆ. ಆ ಹಾಳೆಯ ಫೋಟೋ ಮಾತ್ರ ಊರಿನ ಯಾವ ಗ್ರೂಪಿಗೂ ಹಾಕಬೇಡಿ.